ಅಡ್ಡಕಡ್ಡಿ

ಈ ಪೈನ್ ಮರದಲ್ಲಿ ಪೊಟರೆ ಕೊರೆದದ್ದು
ಖಿಸಾಮ್ ಮಾವನ ಮುತ್ತಜ್ಜ.
ತೊಗಟೆಯ ಮೇಲೆ ಕೊಡಲಿಯಲ್ಲಿ ಕಡಿದ ಮನೆತನದ ಗುರುತು,
ಎರಡು ಗೆರೆ, ಒಂದು ಕೊಕ್ಕೆ;
ಮರ ದಪ್ಪವಾದ ಹಾಗೆ ಅದೂ ಅಗಲವಾಗಿ
ಈಗ ಯಾರೋ ಬಾಯಿಬಿಟ್ಟು ನಕ್ಕಂತಿದೆ.

ಮೇ ತಿಂಗಳಲ್ಲಿ ಮಾವನ ಮೊಣಕಾಲು ಕೈಕೊಟ್ಟಿತು.
"ನೀನೇ ಹತ್ತು, ಸಾಗಿದಾ."
ಹೆಣೆದ ಚರ್ಮದ ಹಗ್ಗ ಸೊಂಟಕ್ಕೂ ಮರಕ್ಕೂ ಸುತ್ತಿ
ಹದಿನಾಲ್ಕು ಮೊಳ ಹತ್ತಿದೆ.
ಹಳೆಯ ಎರಿಯ ಚೂರೊಂದನ್ನು
ಪೊಟರೆಯ ನೆತ್ತಿಗೆ ಮರದ ಮೊಳೆಯಿಂದ ಸಿಕ್ಕಿಸಿದೆ:
ಇಲ್ಲಿ ಹಿಂದೆ ಯಾರೋ ಬಾಳಿದ್ದರು
ಎನ್ನುವ ವಾಸನೆ ಬೇಕಂತೆ ಅವಕ್ಕೆ.
ನಡುವೆ ತೂರಿಸಬೇಕಿದ್ದ ಅಡ್ಡಕಡ್ಡಿಗಳು
ಜೇಬಿನಲ್ಲೇ ಉಳಿದವು.
ಇಳಿದ ಮೇಲೆ ಗೊತ್ತಾಯಿತು. ಹೇಳಲಿಲ್ಲ.

ಜೂನಿನಲ್ಲಿ ಹಿಂಡು ಬಂದು ಸೇರಿತು.
ಮುಚ್ಚಿದ ಹಲಗೆಯನ್ನು ಬೆರಳಷ್ಟು ಸರಿಸಿ ಇಣುಕಿದೆ.
ಕತ್ತಲಲ್ಲಿ ಕಾಲಿಗೆ ಕಾಲು ಕೊಕ್ಕೆ ಹಾಕಿಕೊಂಡು
ಮಾಲೆಮಾಲೆಯಾಗಿ ಜೋತುಬಿದ್ದಿವೆ,
ಕೆಲಸವೇ ಇಲ್ಲದವರ ಹಾಗೆ.
ಕೆಲಸ ಅದೇ. ಹೊಟ್ಟೆಯ ಮಡಿಕೆಯಿಂದ
ಮೀನಿನ ಹುರುಪೆಯಂಥ ಮೇಣದ ಚಕ್ಕೆ ಜಿನುಗುತ್ತದೆ;
ಒಂದು ಅದನ್ನು ಕಾಲಲ್ಲಿ ಕಿತ್ತು, ಜಗಿದು, ಅಂಟಿಸಿ ಹೋಗುತ್ತದೆ,
ಇನ್ನೊಂದು ಬಂದು ತಿದ್ದುತ್ತದೆ,
ಮೂರನೆಯದು ಅದನ್ನೂ ಕೆರೆದು ಬೇರೆ ಕಡೆ ಮೆತ್ತುತ್ತದೆ.
ಜಗಳವಿಲ್ಲ.
ನಮ್ಮ ಮನೆಯಲ್ಲಾಗಿದ್ದರೆ!

ನಾವು ಗೋಡೆ ಎಬ್ಬಿಸುತ್ತೇವೆ, ಅವು ಇಳಿಸುತ್ತವೆ.
ತಳಪಾಯ ತಲೆಯ ಮೇಲೆ.
ತೂಗುಗುಂಡು ಬೇಡ, ತಮ್ಮ ತೂಕವೇ ಗುಂಡು.
ಒಂದೊಂದು ಕೋಣೆಯ ಬಾಯಿಯೂ ತುಸುವೇ ತುಸು ಮೇಲಕ್ಕೆ,
ಹಾಲು ಕುಡಿದ ಕೂಸಿನ ತಲೆಯನ್ನು
ತೋಳ ಮೇಲೆ ಎತ್ತಿ ಮಲಗಿಸಿದ ಹಾಗೆ, ಒಳಗಿನದು ಚೆಲ್ಲದಿರಲೆಂದು.

ಜುಲೈ. ಲಿಂಡನ್ ಹೂಬಿಟ್ಟ ಹತ್ತು ದಿನ
ಕಾಡಿಗೆಲ್ಲ ಮತ್ತು.
ಅಗಿದೆಲ್ ನದಿಯ ನೀರು ಕೂಡ ಬೆಚ್ಚಗಾಯಿತು.
ಎರಿ ಇನ್ನೂ ಎಳೆಯದು, ಕೆನೆಯ ಬಣ್ಣ.
ಮರಿಗಳು ಕಳಚಿಟ್ಟು ಹೋಗುವ ರೇಷ್ಮೆಯಂಗಿ
ಪದರ ಪದರ ಕೂಡಿ ಗಟ್ಟಿಯಾಗಲು ವರ್ಷಗಳು ಬೇಕು.
ಜೇನು ಕಾಯಲಿಲ್ಲ, ತುಂಬಿತು.
ಒಂದು ಮಧ್ಯಾಹ್ನ ಮರದೊಳಗೆ
ಒದ್ದೆ ಬಟ್ಟೆ ಬಿದ್ದ ಸದ್ದು.

ಮಾವ ನನ್ನ ಮುಖ ನೋಡಿದ. ಜೇಬು ನೋಡಲಿಲ್ಲ.
"ಎಷ್ಟು ಬಿದ್ದಿದೆ?"
"ಒಂದು. ದೊಡ್ಡದು."
"ಮುಟ್ಟಬೇಡ. ಮುಚ್ಚು."

ಸೆಪ್ಟೆಂಬರಿನಲ್ಲಿ, ಹುಲ್ಲು ಮೊದಲ ಸಲ ಬೆಳ್ಳಗೆ ಹೆಪ್ಪುಗಟ್ಟಿದ ಬೆಳಿಗ್ಗೆ,
ಮತ್ತೆ ಹಲಗೆ ತೆಗೆದೆ.
ಬಿದ್ದದ್ದನ್ನು ಅವು ಎತ್ತಿರಲಿಲ್ಲ.
ಓರೆಯಾಗಿ ಒರಗಿದ್ದಲ್ಲೇ
ಅಂಚಿನಿಂದ ಮರಕ್ಕೆ, ಮರದಿಂದ ಪಕ್ಕದ ಎರಿಗೆ
ಮೇಣದ ಸೇತುವೆ, ಮೇಣದ ಊರುಗೋಲು.
ಬಿಟ್ಟುಹೋದ ಜಾಗದಲ್ಲಿ ಹೊಸತೊಂದು ನೆಟ್ಟಗೆ ಇಳಿಯುತ್ತ ಬಂದು
ಬಿದ್ದದ್ದರ ನೆತ್ತಿಯ ಹತ್ತಿರ ನಿಂತಿತ್ತು,
ನಡುವೆ ಒಂದು ನೊಣ ಹಾಯುವಷ್ಟು ಓಣಿ ಬಿಟ್ಟು.

ಬದಿಯ ಎರಡು ಎರಿ ಮಾತ್ರ ಕೊಯ್ದೆ.
ಓರೆಯದನ್ನು ಯಾಕೆ ಬಿಟ್ಟೆ ಎಂದು ಮಾವ ಕೇಳಲಿಲ್ಲ.
ಮೇಣ ಜಗಿಯುತ್ತ ಮುಂದೆ ನಡೆದ.
ನನ್ನ ಹೆಗಲು ಹಿಡಿಯಬಹುದೆಂದು ಪಕ್ಕಕ್ಕೆ ಹೋದೆ;
ಹಿಡಿಯಲಿಲ್ಲ,
ಬರ್ಚ್ ಮರದಿಂದ ಬರ್ಚ್ ಮರಕ್ಕೆ ಕೈಯಿಡುತ್ತ
ಮನೆಯವರೆಗೂ ಹೋದ.