ಹಿತ್ತಿಲ ಬಾಗಿಲು ತೆರೆದಿದೆ

ಹಾಡೋ ಸಿನಿಮಾವೋ ಅಂತ ಕೇಳುತ್ತೀರಿ.
ಎರಡಕ್ಕೂ ಅಕ್ಷರ ಬರೆದ ಕೈ ಇದೇ, ನೋಡಿ,
ಈಗ ಚಹಾದ ಲೋಟ ಹಿಡಿದರೆ ತಟ್ಟೆ ತಾಳ ಹಾಕುತ್ತದೆ.

ಮೊದಲು ಹಾಡು.
ಅದಾನಾದ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದ ಶುಕೂಫೆ
ಮೂರು ದಿನ ರಜೆ ಹಾಕಿ ಇಸ್ತಾಂಬುಲಿಗೆ ಹೋಗಿ
ಗೇಣಗಲದ ಒಂದು ರೆಕಾರ್ಡು ಮಾಡಿಸಿ ಬಂದಳು.
ಪ್ರಿಯಕರನಿಗೆ ಕಾಯುವ ಹಾಡಲ್ಲ, ತಪ್ಪು ತಿಳಿಯಬೇಡಿ.
ಜಗಳವಾಡಿ ಮನೆ ಬಿಟ್ಟ ತಂಗಿಗೆ ಹೇಳಿದ್ದು:
ಮುಂಬಾಗಿಲಲ್ಲಿ ಅಪ್ಪ ಕೂತಿದ್ದಾನೆ,
ಹಿತ್ತಿಲ ಬಾಗಿಲು ತೆರೆದಿದೆ,
ಚಪ್ಪಲಿ ಕೈಯಲ್ಲಿ ಹಿಡಿದು ಬಾ.

ಬಜಾರಿನ ರೆಕಾರ್ಡ್ ಅಂಗಡಿಯ ಗಾಜಿನ ಮೇಲೆ
ಬಿಳಿಯಲ್ಲಿ ಬರೆದೆ. ಕೂಲಿ, ಒಂದು ಲೋಟ ಶಲ್ಗಮ್ ರಸ.
ಆ ಬೇಸಿಗೆಯಿಡೀ ಊರು ಅದನ್ನೇ ಗುನುಗಿತು.
ಸೆಕೆಗೆ ಮಾಳಿಗೆ ಮೇಲೆ ಹಾಸಿಗೆ ಹಾಸಿಕೊಂಡವರು
ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಸಾಲು ದಾಟಿಸಿದರು,
ಉಪ್ಪು ಕಡ ಕೊಟ್ಟ ಹಾಗೆ.

ನಿರ್ಮಾಪಕನೊಬ್ಬ ಬಂದ.
ರಾಗ ಬೇಡ ಅಂದ. ಪದ ಬೇಡ ಅಂದ. ನಿನ್ನ ದನಿಯೂ ಬೇಡಮ್ಮ,
ಹೆಸರು ಕೊಡು ಸಾಕು.
ಇನ್ನೂರು ಲೀರಾ.
ಶುಕೂಫೆ ಎಣಿಸಿಕೊಂಡಳು. ಮತ್ತೊಮ್ಮೆ ಎಣಿಸಿಕೊಂಡಳು.
ಕೇಳಿದ್ದು ಒಂದೇ ಮಾತು:
ಎಷ್ಟು ಊರಿನ ಗೋಡೆ ಮೇಲೆ ಬರೆಸ್ತೀರಿ?

ಆಮೇಲೆ ಸಿನಿಮಾ.
ತಹಸೀನ್ ಬೇಯ ಬಯಲು ಟಾಕೀಸಿಗೆ ಏಣಿ ಹಾಕಿ
ಹನ್ನೆರಡು ಅಕ್ಷರ ಬರೆದೆ, ಒಂದೊಂದೂ ಆಳೆತ್ತರ.
ನಮ್ಮ ಲಿಪಿಯಲ್ಲಿ ನಾಲ್ಕು ಡೇರೆಯಂತೆ ನಾಲ್ಕು ಅಕಾರ,
ಎರಡಕ್ಷರಕ್ಕೆ ನೆತ್ತಿಯ ಬೊಟ್ಟಿಲ್ಲ,
ಒಂದಕ್ಕೆ ಕಾಲಡಿಯಲ್ಲಿ ಪುಟ್ಟ ಬಾಲ.
ಆ ಬಾಲ ಎಳೆಯುವಾಗ ಹಾಡು ಬಾಯಿಗೆ ಬಂತು,
ಕುಂಚ ಜಾರಿ ಬಾಲ ಒಂದು ಮೊಳವಾಯಿತು.
ಯಾರೂ ಹೆಸರಿಡಲಿಲ್ಲ.

ಮೊದಲ ರಾತ್ರಿ ಕಾಲಿಡಲು ಜಾಗವಿಲ್ಲ.
ಸೂರ್ಯಕಾಂತಿ ಬೀಜ, ಸೋಡಾ, ಹಸುಗೂಸು, ಅಜ್ಜಿಯರು.
ತೆರೆಯ ಮೇಲೆ ಒಬ್ಬ ಕಳ್ಳ. ಹಿತ್ತಿಲ ಬಾಗಿಲಿಂದ ಬಂದ.
ಒಬ್ಬ ಪೊಲೀಸ್. ಅವನೂ ಅಲ್ಲಿಂದಲೇ ಬಂದ.
ಜನ ಕಾದರು. ಈಗ ಬರುತ್ತೆ ಹಾಡು, ಇಗೋ ಈಗ.
ಮದುವೆಯಾಯಿತು, ಬರಲಿಲ್ಲ. ಮಳೆಯಾಯಿತು, ಬರಲಿಲ್ಲ.
ನಾಯಕಿ ಕಿಟಕಿಗೆ ಹಣೆ ಹಚ್ಚಿ ನಿಂತಳು,
ಇಡೀ ಟಾಕೀಸು ಉಸಿರು ಬಿಗಿ ಹಿಡಿಯಿತು,
ಗುಂಡು ಹಾರಿತು.
ಮೊದಲು ತೂರಿಬಂದದ್ದು ಬೀಜದ ಸಿಪ್ಪೆ, ಆಮೇಲೆ ಬಾಟಲಿ.

ತಹಸೀನ್ ಬೇ ಹೆಂಗಸರ ಸಾಲಿಗೆ ಓಡಿದ:
ಶುಕೂಫೆ, ನೀನಾದರೂ ಎದ್ದು ಎರಡು ಸಾಲು ಹಾಡಮ್ಮ,
ನನ್ನ ಕುರ್ಚಿಗಳಾದರೂ ಉಳಿಯಲಿ.
ಅವಳು ಮಡಿಲ ಸಿಪ್ಪೆ ಕೊಡವಿದಳು:
"ಇವತ್ತು ನಾನೂ ಟಿಕೆಟ್ ತಗೊಂಡಿದ್ದೀನಿ, ಅಣ್ಣ."

ಪಕ್ಕದ ಕುರ್ಚಿ ಖಾಲಿಯಿತ್ತು.
ಅದಕ್ಕೂ ಟಿಕೆಟ್ ತಗೊಂಡಿದ್ದಳು
ಅಂತ ಗೇಟಿನ ಹುಡುಗ ಆಮೇಲೆ ಹೇಳಿದ.
ಮರುದಿನವೂ ಎರಡು. ಅದರ ಮರುದಿನವೂ.
ಐದನೆಯ ದಿನ ಸಿನಿಮಾ ಎತ್ತಂಗಡಿಯಾಯಿತು.

ರೀಲನ್ನು ಯಾರೋ ಬೆಳ್ಳಿಗಾಗಿ ಕರಗಿಸಿದರಂತೆ.
ರೆಕಾರ್ಡು ನನ್ನ ಹತ್ತಿರ ಒಂದಿದೆ, ಗೀರು ಬಿದ್ದದ್ದು,
ಚಪ್ಪಲಿ, ಚಪ್ಪಲಿ, ಚಪ್ಪಲಿ ಅನ್ನುತ್ತಾ ನಿಲ್ಲುತ್ತದೆ,
ಬಾ ಅನ್ನುವವರೆಗೆ ಹೋಗುವುದಿಲ್ಲ.

ಟಾಕೀಸು ಕಾರು ನಿಲ್ಲಿಸುವ ಜಾಗವಾಗಿ, ಗೋಡೆಯೊಂದು ಉಳಿದು,
ಸುಣ್ಣ ಉದುರಿ ನನ್ನ ಅಕ್ಷರ ಮತ್ತೆ ಹೊರಬಂದಿವೆ.
ಅದರ ಬುಡದಲ್ಲಿ ಎರ್ದಿಂಚ್ ಎಂಬ ಹುಡುಗನ ಬೀಗದ ಅಂಗಡಿ.
ಬೀಗ ಮಾರುವವನಿಗೆ ಇಂಥ ಹೆಸರೇನೋ ಅಂದೆ.
"ಗೋಡೆ ಮೇಲೆ ಇತ್ತಲ್ಲ ತಾತ, ಬಣ್ಣದ ಖರ್ಚು ಉಳೀತು.
ಆ ಬಾಲ ಮಾತ್ರ ಯಾರೋ ಕುಡಿದು ಬರೆದಿರಬೇಕು."

ಹಾಡಿಗೆ ಒಂದು, ಸಿನಿಮಾಕ್ಕೆ ಒಂದು, ಬೀಗಕ್ಕೆ ಒಂದು.
ನೀವು ಕೇಳಿದ ಹೆಸರಿನ ಸಂಗತಿ ಇಷ್ಟು.
ಆ ತಂಗಿಯ ಹೆಸರು ಮಾತ್ರ
ಹಾಡಿನಲ್ಲೂ ಇರಲಿಲ್ಲ, ಸಿನಿಮಾದಲ್ಲಂತೂ ಇಲ್ಲ.
ನಾನೂ ಕೇಳಲಿಲ್ಲ.
ಕೇಳಿದ್ದರೆ ಬರೆಯುತ್ತಿದ್ದೆ,
ಗೋಡೆಯಲ್ಲಿ ಜಾಗವಿತ್ತು.