ನಡುವೆ ಕತ್ತರಿಸಿದ್ದು

ಎರಡೂ ತುದಿ ಸಪೂರ, ನಡುವೆ ದಪ್ಪ,
ಬಸುರಿ ಹಲ್ಲಿಯ ಹಾಗೆ. ಮೈಯೆಲ್ಲ ಗಂಟುಗಂಟು.
ಲುಕ್ಕಾದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ದಿನಕ್ಕೆ ಐನೂರರಂತೆ ಸುತ್ತಿದವಳು ನಾನು, ಹೇಳುತ್ತೇನೆ:
ಚಂದಕ್ಕೆ ಸುತ್ತುವ ಸಿಗಾರಲ್ಲ ಇದು.

ಎಲೆ ಇದೇ ಕಣಿವೆಯದು, ತೆವೆರೆ ಹೊಳೆಯ ದಂಡೆಯದು.
ಕೊಯ್ದು, ಇಟ್ಟಿಗೆಯ ಹೊಗೆಮನೆಯಲ್ಲಿ
ಮಾಡಿನ ತನಕ ಕೋಲುಕೋಲಿಗೆ ನೇತುಹಾಕಿ
ಕೆಳಗೆ ಓಕ್ ಮರದ ಬೆಂಕಿ. ಬೆಂಕಿ ಅನ್ನಬಾರದು.
ಉರಿ ಎದ್ದರೆ ಕೆಟ್ಟಿತು, ಮನೆಯೇ ಹೋಯಿತು.
ಆರಿದರೂ ಕೆಟ್ಟಿತು, ಎಲೆಗೆ ಬೂಷ್ಟು.
ಯಾರೋ ಒಬ್ಬರು ಕಣ್ಣು ಕೆಂಪು ಮಾಡಿಕೊಂಡು ರಾತ್ರಿಯೆಲ್ಲ ಕೂತು
ಅದಕ್ಕೆ ಸಿಟ್ಟು ಬರದ ಹಾಗೆ, ನಿದ್ದೆ ಹತ್ತದ ಹಾಗೆ
ನೋಡಿಕೊಳ್ಳಬೇಕು. ಎರಡು ವಾರ.

ಸೆತ್ತಿಮಿಯೊ, ದೂಯಿಲಿಯೊ ಹಾಗೆ ಕೂತವರು,
ಒಂದೇ ಹೊಗೆಮನೆಯಲ್ಲಿ, ಪಾಳಿ ಹಂಚಿಕೊಂಡು.
ಆಮೇಲೆ ಒಂದು ಅಕ್ರೋಟು ಮರ. ಬುಡ ಇವನ ಹೊಲದಲ್ಲಿ,
ನೆರಳು ಅವನದರಲ್ಲಿ, ಕಾಯಿ ಬಿದ್ದಲ್ಲಿ.
ಸರ್ವೆಯವನು ಬಂದ. ವಕೀಲ ಬಂದ.
ಮರ ಸಿಡಿಲಿಗೆ ಹೋಯಿತು.
ಮಾತು ಬಿಟ್ಟದ್ದು ಮಾತ್ರ ಉಳಿಯಿತು, ಹತ್ತೊಂಬತ್ತು ವರ್ಷ.

ಆದರೂ ಭಾನುವಾರ ಚರ್ಚು ಬಿಟ್ಟ ಮೇಲೆ
ನನ್ನ ಅಂಗಡಿಯ ಮುಂದಿನ ಕಲ್ಲುಬೆಂಚಿಗೆ ಇಬ್ಬರೂ ಹಾಜರು.
ಒಂದು ವಾರ ಇವನ ದುಡ್ಡು, ಒಂದು ವಾರ ಅವನದು.
ಇಡೀ ಸಿಗಾರು ಒಬ್ಬನಿಗೆ ಆಗದು,
ಎದೆಗೆ ಕುದುರೆ ಒದ್ದ ಹಾಗಾಗುತ್ತದೆ.
ದ್ರಾಕ್ಷಿಬಳ್ಳಿ ಸವರುವ ಚಾಕು ತೆಗೆದು ಸರಿಯಾಗಿ ನಡುವಿಗೆ
ಒಬ್ಬ ಕತ್ತರಿಸುವುದು, ಇನ್ನೊಬ್ಬ ಆರಿಸುವುದು.
(ಸರ್ವೆಯವನಿಗೆ ಈ ಬುದ್ಧಿ ಹೊಳೆದಿರಲಿಲ್ಲ.)
ಬೆಂಚಿನ ಆ ತುದಿಗೊಬ್ಬ, ಈ ತುದಿಗೊಬ್ಬ.
ಹದ್ದು ಮೀರುತ್ತಿದ್ದದ್ದು ಹೊಗೆ ಮಾತ್ರ.

ಈ ಮಾರ್ಚಿನಲ್ಲಿ ದೂಯಿಲಿಯೊನನ್ನು
ಅರೆತ್ಸೊ ಆಸ್ಪತ್ರೆಗೆ ಒಯ್ದು ತಂದರು.
ಡಾಕ್ಟರಮ್ಮ ಬೆರಳೆತ್ತಿದಳಂತೆ: ಇನ್ನು ಒಂದು ದಮ್ಮೂ ಕೂಡದು.
ಭಾನುವಾರ ಬಂದ. ಖಾಲಿ ಕೈ ತೊಡೆಯ ಮೇಲಿಟ್ಟು ಕೂತ.
ಸೆತ್ತಿಮಿಯೊ ಕತ್ತರಿಸಿದ, ಚಾಚಿದ.
ಅವನು ತಲೆಯಾಡಿಸಿದ.
ಸೆತ್ತಿಮಿಯೊ ತನ್ನ ಅರ್ಧ ಹಚ್ಚಿದ. ಎರಡು ಕಡ್ಡಿ ಬೇಕಾಯಿತು.
ನಾಲ್ಕನೆಯ ದಮ್ಮಿಗೆ
ಹೇಗಿದೆ? ಎಂದ ದೂಯಿಲಿಯೊ.

ನಾನು ತೂಗುತ್ತಿದ್ದ ಉಪ್ಪು ತಕ್ಕಡಿಯಲ್ಲೇ ನಿಂತಿತು.

ಸೆತ್ತಿಮಿಯೊ ಮಾತಿನವನಲ್ಲ. ಹಸುವಿನ ಬೆಲೆ ಕೇಳಿದರೂ
ಬೆರಳು ತೋರಿಸುವ ಪೈಕಿ.
ಕೆಮ್ಮಿದ. ಬೂದಿ ನೋಡಿದ, ಉದುರಿರಲಿಲ್ಲ.
ಮೊದಲು ಮೆಣಸು, ಎಂದ. ನಾಲಗೆಯ ತುದಿಗಲ್ಲ, ಅಂಚಿಗೆ.
ಆಮೇಲೆ?
ಚೆಸ್ಟ್‌ನಟ್ ಹುರಿಯುವಾಗ ಸೀದುಹೋದ ಸಿಪ್ಪೆ.
ಆಮೇಲೆ?
ಮಳೆಯಲ್ಲಿ ನೆಂದ ಜೀನು, ಕುದುರೆಯ ಬೆವರಿನ ಸಮೇತ.
ಇಲ್ಲ, ಎಂದ ದೂಯಿಲಿಯೊ ಕಣ್ಣು ಮುಚ್ಚಿ,
ಜೀನು ಇಷ್ಟು ಬೇಗ ಬರೋದಿಲ್ಲ,
ಅದಕ್ಕೂ ಮೊದಲು ಒಂದು ಸಿಹಿ ಇದೆ.
ಹೊಗೆ ಬಾಯಲ್ಲಿ ನಿಲ್ಲಿಸು. ನುಂಗಬೇಡ.
ಸೆತ್ತಿಮಿಯೊ ನಿಲ್ಲಿಸಿದ. ಎಪ್ಪತ್ತೆಂಟರ ಕೆನ್ನೆ
ಮಗುವಿನದರ ಹಾಗೆ ಉಬ್ಬಿತು.
ಹೌದು, ಎಂದ. ಒಣ ಅಂಜೂರ.
ಅಂಜೂರವೇ.
ಕಹಿ?
ಇದೆ.
ಎಷ್ಟು?
ಇರಬೇಕಾದಷ್ಟು.
ಹೊಗೆಮನೆ ಸಿಗುತ್ತಾ ಅದರಲ್ಲಿ?

ಬಹಳ ಹೊತ್ತು ಹಿಡಿಯಿತು.
ಸಿಗುತ್ತೆ, ಎಂದ. ನಿನ್ನ ಪಾಳಿಯಲ್ಲಿ ನೀನು ನಿದ್ದೆ ಹೋದದ್ದೂ ಸಿಗುತ್ತೆ.
ನಾನೆಲ್ಲಿ ನಿದ್ದೆ ಹೋದೆ! ಗೊರಕೆ ಹೊಡೆದವನು ನೀನು!
ನಾನಾ?
ನೀನೇ!

ಹತ್ತೊಂಬತ್ತು ವರ್ಷದ ಬಾಕಿ
ಗಂಟೆಗೋಪುರದ ಪಾರಿವಾಳವೆಲ್ಲ ಎದ್ದುಹೋಗುವ ಹಾಗೆ
ತೀರಿಸತೊಡಗಿದರು.

ಇನ್ನರ್ಧ ಬೆಂಚಿನ ನಡುವೆ ಹಾಗೇ ಬಿದ್ದಿತ್ತು.
ಸಂಜೆ ಅಂಗಡಿಯ ಬಾಗಿಲು ಹಾಕಿ ಎತ್ತಿಕೊಂಡೆ.
ಲೆಕ್ಕ ಹಾಕಿದರೆ ನಲವತ್ತು ಲಕ್ಷದ ಹತ್ತಿರ ಸುತ್ತಿರಬೇಕು,
ಒಂದನ್ನೂ ಸೇದಿದವಳಲ್ಲ.
ಹಚ್ಚಿದೆ. ನಿಲ್ಲಿಸಿದೆ. ನುಂಗಲಿಲ್ಲ.

ಮೆಣಸು ಸರಿ.
ಅಂಜೂರ ನನಗಿನ್ನೂ ಸಿಕ್ಕಿಲ್ಲ.