ಸ್ವಂತ ವಾಹನಗಳ ಸಂಖ್ಯೆ

ಅರ್ಜಿಯ ಏಳನೆ ಕಾಲಮಿನಾಗ ಪೆನ್ನು ನಿಂತಿತು.
ಸ್ವಂತ ವಾಹನಗಳ ಸಂಖ್ಯೆ.
ಸೊನ್ನೆ ಬರದೆ. ಸಣ್ಣದಾಯ್ತು ಅನಿಸಿ
ಅದರ ಮ್ಯಾಲೇ ಇನ್ನೊಮ್ಮೆ ತಿದ್ದಿದೆ, ದುಂಡಗ,
ಟೈರಿನಂಗ.

ಆರ್‌ಟಿಒ ಆಫೀಸಿನ ಕ್ಲಾರ್ಕ್ ಕನ್ನಡಕ ಎತ್ತಿ ನೋಡ್ದ:
"ಲಾರಿ ಇಲ್ಲ?"
ಇಲ್ರೀ.
"ಗೋದಾಮು?"
ಇಲ್ರೀ.
"ಮತ್ತ ಏನದ ಬಾಯಿ ನಿಮ್ಮ ಹತ್ರ?"
ಚೀಲದಾಗ ಎರಡು ಫೋನಿದ್ದವು, ಒಂದು ಡೈರಿ,
ಬಾಡಿಗಿ ಕರಾರು, ಪ್ಯಾನ್ ಕಾರ್ಡಿನ ಝೆರಾಕ್ಸ್ ಮೂರು,
ಪಾಲಿಕೆಯವರು ಎರಡು ಸಲ ತಿರುಗಾಡಿಸಿ ಕೊಟ್ಟ ಲೈಸೆನ್ಸು.
ಎಲ್ಲಾ ತಗದು ಟೇಬಲ್ಲಿನ ಮ್ಯಾಲ ಇಟ್ಟೆ.
ಅವ ಕೇಳಿದ್ದು ಇವಲ್ಲ ಅಂತ ನನಗೂ ಗೊತ್ತಿತ್ತು.

ಹನ್ನೊಂದು ವರ್ಷ ಗಂಜಿನಾಗ ಮಂದಿ ಬಿಲ್ಟಿ ಬರದೀನಿ.
ಮಶಾಕ್ ಸಾಬರ ಟ್ರಾನ್ಸ್‌ಪೋರ್ಟಿನ ಹಿಂದಿನ ಖೋಲಿ,
ಕಾರ್ಬನ್ ಹಾಳಿಯ ನೀಲಿ ಹತ್ತಿ
ರೊಟ್ಟಿ ಬಡಿಯುವಾಗ ಹಿಟ್ಟಿನಾಗೂ ಬೆರಳಿನ ಗುರುತು.
ತೊಗರಿ ಬ್ಯಾಳಿ ಮುನ್ನೂರಿಪ್ಪತ್ತು ಚೀಲ, ನಾಗಪುರ,
ಭಾಡಾ ಅಲ್ಲೇ ಕೊಡಾದು.
ಬರಕೋತ ಬರಕೋತ ಕಲ್ತೆ:
ಯಾವ ಮಿಲ್ಲಿನವ ತೂಕದಾಗ ಸುಳ್ಳು ಹೇಳ್ತಾನ,
ಯಾವ ಡ್ರೈವರ್ ಹುಮನಾಬಾದ್ ದಾಟಿದ ಕೂಡಲೇ
ಫೋನ್ ಬಂದ್ ಮಾಡಿ ಬೀಗರ ಮನಿಗಿ ಹೋಗ್ತಾನ,
ಯಾರ ತಾಡಪತ್ರಿಗಿ ತೂತದ.
ಇದನ್ನ ಯಾವ ಕಾಲಮಿನಾಗ ಬರೀಬೇಕ್ರಿ?

"ಸುಮ್ನ ದಲಾಲಿ ಅನ್ನು" ಅಂದ ನಮ್ಮಣ್ಣ ಅಣವೀರ.
ಮನ್ಯಾಗ ಆ ಮಾತು ಅನ್ನದಾಗಿನ ಹಳ್ಳು.
ಬೋರ್ಡು ಬರೆಯೋ ಹುಡುಗನೂ ಕುಂಚ ಹಿಡದು ನಿಂತ:
ಪ್ರೊಪ್ರೈಟರ್ ಅಂತ ಯಾರ ಹೆಸರು ಹಾಕ್ಲಿ, ಯಜಮಾನರದಾ?
ಜಗದೇವಿ ಹಾಕು.
ಮುಂದ?
ಮುಂದ ಏನೂ ಬ್ಯಾಡ.
ಜಾಗ ಉಳದರ ಫೋನ್ ನಂಬರ್ ದೊಡ್ಡದು ಮಾಡು.

ಮೊದಲನೆ ಲೋಡೇ ಕೆಟ್ಟಿತು.
ಸೇಡಂ ಕಡಿಂದ ಬರಬೇಕಾದ ಗಾಡಿ ಬರಲೇ ಇಲ್ಲ,
ಸಿಮೆಂಟಿನವರು ಐನೂರು ಹೆಚ್ಚು ಕೊಟ್ಟರಂತ.
ಮಿಲ್ಲಿನ ಅಂಗಳದಾಗ ಚೀಲ ಒಟ್ಟಿದ್ದು ಹಂಗೇ,
ಹಮಾಲರು ಬೀಡಿ ಹಚ್ಚಿ ಕುಂತರು,
ಸೇಠಜಿ ಫೋನಿನಾಗ ನನ್ನ ಹೆಸರೊಂದು ಬಿಟ್ಟು
ಉಳದದ್ದೆಲ್ಲ ಅಂದ.
ಸಂಜಿಗಿ ಮಶಾಕ್ ಸಾಬರ ಬಾಗಲಿಗೇ ಹೋದೆ.
ಚಾ ತರಿಸಿದರು. ಗಾಡಿ ಕೊಟ್ಟರು.
"ಕಮಿಷನ್ ಮಾತ್ರ ಪೂರಾ ನಂದು" ಅಂದರು ನಕ್ಕೋತ.
ಕೊಟ್ಟೆ.
ಆ ನಗು ಎಂಥಾದ್ದಂತ ಇನ್ನಾ ತಿಳದಿಲ್ಲ ನನಗ.

ಬ್ಯಾಳಿ ಅವರದು, ಗಾಲಿ ಇವರದು, ಡಾಂಬರು ಸರ್ಕಾರದ್ದು.
ನಡಬರಕ ಒಂದು "ಹೂಂ", ಅದಷ್ಟು ನಂದು.
ಒಡದರ ಅದಕ್ಕ ಇನ್ಶೂರೆನ್ಸ್ ಇಲ್ಲ.

ಸರ್ಟಿಫಿಕೇಟು ಬಂತು ಮೇ ತಿಂಗಳ ಮಧ್ಯಾಹ್ನ,
ಪರಸಿ ಮ್ಯಾಲ ಕಾಲಿಡಲಾರದಂಥ ಬಿಸಲಿನಾಗ.
ಫ್ರೇಮ್ ಹಾಕಲಿಕ್ಕ ನೂರೆಂಬತ್ತು ಕೇಳ್ದ.
ಸೆಲ್ಲೋಟೇಪಿಲೆ ಗ್ವಾಡಿಗಿ ಅಂಟಿಸೀನಿ;
ಫ್ಯಾನ್ ತಿರುಗಿದರ ಒಂದು ಮೂಲಿ ಏಳ್ತದ.

ರಾತ್ರಿ ಹನ್ನೆರಡೂವರಿ. ಫೋನು.
ಡ್ರೈವರ್ ಭೀಮಶಾ, ಇಂದೋರಿನಿಂದ:
"ಬಾಯಿ, ಮಾಲು ಇಳಿಸೀನಿ. ಇಲ್ಲಿ ಯಾರ ಪೈಚಾನೂ ಇಲ್ಲ.
ಖಾಲಿನೇ ಬರಲ್ಯಾ?"
ನಾನು ಸೊಲ್ಲಾಪುರ ದಾಟಿದಾಕಿ ಅಲ್ಲ.
ಇಂದೋರಂದ್ರ ನನಗ ಡೈರಿಯ ಒಂದು ಪುಟ,
ಮೂರು ಹೆಸರು, ಒಂದಕ್ಕ ಗೀಟು ಹೊಡದದ.
ಲೈಟ್ ಹಚ್ಚಿದೆ. ಬಾಜೂಕ ಮಲಗಿದ ಮಗಳು
ಮುಸುಕು ಎಳಕೊಂಡಳು.
ಅಲ್ಲೇ ಇರು, ಡೀಸೆಲ್ ಸುಡಬ್ಯಾಡ, ಚಾ ಕುಡಿ,
ಹತ್ತು ನಿಮಿಷ ಕೊಡು ಅಂತ ಮೊದಲು ಅಂದೆ.
ಯಾರಿಗಿ ಹಚ್ಚಬೇಕಂತ
ಆಮ್ಯಾಲ ಪುಟ ತಿರುವಿದೆ.